ದುಡ್ಡಿದ್ದೂ ಕಟ್ಟಲಾಗದವರು

ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆಯನ್ನು ಕಟ್ಟಿದವರು ಮೊಬೈಲ್ ಫೋನನ್ನು ಕಂಡವರಲ್ಲ. ಆದರೆ ಜೂನ್-ಜುಲೈ ತಿಂಗಳಲ್ಲಿ ಕಾರವಾರದಲ್ಲೋ ಅಂಕೋಲೆಯಲ್ಲೋ ಒಂದು ಕಂಪ್ಯೂಟರ್ ಸೇವಾ ಅಂಗಡಿಯ ಮುಂದೆ ಅರ್ಧ ಗಂಟೆ ನಿಂತವರಿಗೆ ಆ ಗಾದೆ ಹೊಸದಾಗಿ ಅರ್ಥವಾಗುತ್ತದೆ. ಹೊರಗೆ ಬಿಡದೆ ಸುರಿಯುವ ಮಳೆ, ಒಳಗೆ ಪ್ಲಾಸ್ಟಿಕ್ ಚೀಲದಲ್ಲಿ ಅಂಕಪಟ್ಟಿ ಸುತ್ತಿಕೊಂಡು ನಿಂತ ಮಕ್ಕಳು, ಅವರ ಹಿಂದೆ ಕೊಡೆ ಮಡಚಿ ಹಿಡಿದ ತಾಯಂದಿರು. ಶುಲ್ಕಕ್ಕೆ ಬೇಕಾದ ಹಣ ಬ್ಯಾಂಕಿನಲ್ಲಿದೆ. ಪಾಸ್‌ಬುಕ್ಕಿನಲ್ಲಿ ಅಂಕಿಯೂ ಇದೆ. ಕಟ್ಟುತ್ತೇನೆ ಎಂದರೆ ಮಾತ್ರ ಪರದೆಯ ಮೇಲೆ ಕೆಂಪು ಅಕ್ಷರದಲ್ಲಿ ಎರಡೇ ಮಾತು ಮೂಡುತ್ತದೆ: ಪಾವತಿ ವಿಫಲ.

ಹಿಂದಿನ ತಲೆಮಾರಿಗೆ ಶುಲ್ಕದ ಚಿಂತೆ ಎಂದರೆ ಹಣ ಹೊಂದಿಸುವ ಚಿಂತೆ. ಸೊಸೈಟಿಯಲ್ಲಿ ಸಾಲ, ಕೈಬಳೆ ಅಡವು, ಮೀನಿನ ಸಾಹುಕಾರರ ಹತ್ತಿರ ಮುಂಗಡ. ಹೇಗೋ ಹಣ ಕೈಗೆ ಬಂದರೆ ಚಿಂತೆ ಮುಗಿಯಿತು. ಕಾಲೇಜಿನ ಕಿಟಕಿಯಲ್ಲಿ ನೋಟು ಎಣಿಸಿ ಕೊಟ್ಟು ರಸೀದಿ ಪಡೆದರಾಯಿತು. ಈಗಿನ ತಲೆಮಾರಿಗೆ ಇನ್ನೊಂದು ಚಿಂತೆ ಸೇರಿಕೊಂಡಿದೆ. ಹಣ ಹೊಂದಿಸಿದರೆ ಸಾಲದು, ಆ ಹಣವನ್ನು ಯಂತ್ರ ಒಪ್ಪಿಕೊಳ್ಳಬೇಕು. ಯಂತ್ರ ಒಪ್ಪದಿದ್ದರೆ ಏಕೆ ಒಪ್ಪಲಿಲ್ಲ ಎಂದು ಕೇಳಲು ಅಲ್ಲಿ ಯಾರೂ ಇಲ್ಲ.

ಇದರಲ್ಲಿ ಹಣದ ನಷ್ಟಕ್ಕಿಂತ ದೊಡ್ಡದಾದ ಒಂದು ನೋವಿದೆ. ಹತ್ತು ಜನರ ಎದುರು 'ವಿಫಲ' ಎಂದು ಕಂಡಾಗ ತಾಯಿಗೆ ತಾನೇ ತಿರಸ್ಕೃತಳಾದಂತೆ ಅನಿಸುತ್ತದೆ. ತಂದೆ ಮಗನ ಮೇಲೆ ರೇಗುತ್ತಾನೆ: 'ಎಲ್ಲಿ ಏನು ಒತ್ತಿದೆ ನೀನು?' ಮಗ ತನಗೆ ಇಷ್ಟೂ ತಿಳಿಯಲಿಲ್ಲವೆಂದು ತಲೆ ತಗ್ಗಿಸುತ್ತಾನೆ. ಈ ಅಂಕಣದ ಓದುಗರಿಗೆ, ಮಕ್ಕಳಿಗೂ ಹೆತ್ತವರಿಗೂ, ಈ ವಾರ ಹೇಳಬೇಕಾದದ್ದು ಒಂದೇ ಮಾತು. ಪಾವತಿಯ ನಿರಾಕರಣೆ ನಿಮ್ಮ ಯೋಗ್ಯತೆಯ ಮೇಲೆ ಬರೆದ ತೀರ್ಪಲ್ಲ. ಪ್ರತಿ ನಿರಾಕರಣೆಗೂ ಒಂದು ಕಾರಣ ಇರುತ್ತದೆ, ಅದು ಎಲ್ಲೋ ಒಂದು ಕಡೆ ದಾಖಲಾಗಿಯೂ ಇರುತ್ತದೆ. ಅದನ್ನು ಕೇಳುವುದು ನಿಮ್ಮ ಹಕ್ಕು.

ಹಿರಿಯರಿಗೆ ಮನಿಯಾರ್ಡರ್ ನೆನಪಿರಬೇಕು. 1880ರಲ್ಲಿ ನಮ್ಮ ಅಂಚೆ ಇಲಾಖೆ ಆರಂಭಿಸಿದ ಸೇವೆ ಅದು. ಮುಂಬಯಿಯ ಹೋಟೆಲಿನಲ್ಲಿ ದುಡಿಯುವ ಅಣ್ಣ ಊರಿಗೆ ಕಳಿಸಿದ ಹಣ, ಧಾರವಾಡದ ಹಾಸ್ಟೆಲಿನಲ್ಲಿರುವ ಮಗನಿಗೆ ಅಪ್ಪ ಕಳಿಸಿದ ಹಣ, ಎಲ್ಲ ಅದೇ ದಾರಿಯಲ್ಲಿ ಬರುತ್ತಿತ್ತು. ಅದು ನಿಧಾನದ ದಾರಿ, ನಿಜ. ಮಳೆಗಾಲದಲ್ಲಿ ಇನ್ನೂ ನಿಧಾನ. ಆದರೆ ಹಣ ತಲುಪದೆ ಹಿಂದೆ ಬಂದರೆ ಫಾರಮಿನ ಮೇಲೆ ಅಂಚೆಯವರ ಕೈಬರಹದಲ್ಲಿ ಕಾರಣವೂ ಬರುತ್ತಿತ್ತು: ವಿಳಾಸದಾರರು ಊರು ಬಿಟ್ಟಿದ್ದಾರೆ, ಆ ಹೆಸರಿನವರು ಇಲ್ಲಿಲ್ಲ, ಪಡೆಯಲು ನಿರಾಕರಿಸಿದ್ದಾರೆ. ಒಂದು ಸಾಲಿನ ಆ ಷರಾ ನೋಡಿದರೆ ಮುಂದೇನು ಮಾಡಬೇಕೆಂದು ಕಳಿಸಿದವನಿಗೆ ತಿಳಿಯುತ್ತಿತ್ತು. ಇಂದಿನ ಪಾವತಿ ಕಣ್ಣು ಮಿಟುಕಿಸುವಷ್ಟರಲ್ಲಿ ಹೋಗುತ್ತದೆ, ಅಷ್ಟೇ ಬೇಗ ಹಿಂದಕ್ಕೂ ಬರುತ್ತದೆ. ಆದರೆ ಷರಾ ಇಲ್ಲದೆ ಬರುತ್ತದೆ.

ಷರಾ ಇಲ್ಲವೇ ಇಲ್ಲ ಎನ್ನುವುದೂ ಪೂರ್ತಿ ನಿಜವಲ್ಲ. ಅಂಕೋಲೆಯ ಒಬ್ಬ ವಿದ್ಯಾರ್ಥಿನಿ ತನ್ನ ಫೋನಿನಿಂದ ಕಾಲೇಜಿಗೆ ಯುಪಿಐ ಮೂಲಕ ಹಣ ಕಟ್ಟುತ್ತಿದ್ದಾಳೆ ಎಂದಿಟ್ಟುಕೊಳ್ಳಿ. ಅವಳು ಬಳಸುವ ಆ್ಯಪ್ ಒಂದು ಕಂಪನಿಯದು. ಆ ಆ್ಯಪಿಗೆ ಬೆನ್ನಾಗಿ ನಿಂತಿರುವುದು ಒಂದು ಬ್ಯಾಂಕು. ಅಲ್ಲಿಂದ ಸಂದೇಶ 2008ರಲ್ಲಿ ಸ್ಥಾಪನೆಯಾದ ಭಾರತೀಯ ರಾಷ್ಟ್ರೀಯ ಪಾವತಿ ನಿಗಮಕ್ಕೆ, ಅಂದರೆ ಎನ್‌ಪಿಸಿಐಗೆ ಹೋಗುತ್ತದೆ. 2016ರಲ್ಲಿ ಯುಪಿಐ ಹುಟ್ಟಿದ್ದು ಈ ನಿಗಮದಲ್ಲೇ. ನಿಗಮ ಅವಳ ಖಾತೆಯಿರುವ ಬ್ಯಾಂಕನ್ನು ಕೇಳುತ್ತದೆ: ಪಿನ್ ಸರಿಯೇ, ಹಣ ಇದೆಯೇ, ಮಿತಿಯೊಳಗಿದೆಯೇ? ಆ ಬ್ಯಾಂಕು ಹೂಂ ಎಂದ ಮೇಲೆ ಕಾಲೇಜಿನ ಬ್ಯಾಂಕಿಗೆ ಜಮೆ ಮಾಡಲು ಹೇಳುತ್ತದೆ. ನಾಲ್ಕೈದು ಕೈ ದಾಟುವ ಈ ಪಯಣದಲ್ಲಿ ಯಾವ ಕೈ ಸಡಿಲವಾದರೂ ಹಣ ನಿಂತಿತು. 2025ರ ಆಗಸ್ಟ್ ಒಂದೇ ತಿಂಗಳಲ್ಲಿ ಇಂಥ ವ್ಯವಹಾರಗಳ ಸಂಖ್ಯೆ 2000 ಕೋಟಿ ದಾಟಿತು. ಇಷ್ಟು ದೊಡ್ಡ ತೇರು ಎಳೆಯುವಾಗ ಅಲ್ಲೊಂದು ಇಲ್ಲೊಂದು ಹಗ್ಗ ತುಂಡಾಗುವುದು ಅಚ್ಚರಿಯಲ್ಲ.

ಹಗ್ಗ ತುಂಡಾದ ಕೂಡಲೇ ಈ ವ್ಯವಸ್ಥೆ ತನ್ನೊಳಗೆ ಒಂದು ಸಂಕೇತವನ್ನು ಬರೆದಿಡುತ್ತದೆ. ಜೆಡ್-9 ಎಂದರೆ ಖಾತೆಯಲ್ಲಿ ಹಣ ಸಾಲದು. ಜೆಡ್-ಎಂ ಎಂದರೆ ಪಿನ್ ತಪ್ಪು. ಯು-30 ಎಂದರೆ ಖಾತೆಯಿಂದ ಹಣ ಕಡಿತ ಮಾಡಲಾಗಲಿಲ್ಲ. ಇಂಥವು ಹತ್ತಾರು ಇವೆ. ಆದರೆ ಗ್ರಾಹಕನ ಪರದೆಗೆ ಬರುವ ಹೊತ್ತಿಗೆ ಇವೆಲ್ಲ ಕರಗಿ 'ಏನೋ ತೊಂದರೆಯಾಗಿದೆ, ಸ್ವಲ್ಪ ಹೊತ್ತಿನ ನಂತರ ಪ್ರಯತ್ನಿಸಿ' ಎಂಬ ಇಂಗ್ಲಿಷ್ ವಾಕ್ಯವಾಗುತ್ತವೆ. ಕಾರಣ ಬ್ಯಾಂಕಿಗೆ ಗೊತ್ತು, ನಿಗಮಕ್ಕೆ ಗೊತ್ತು, ಆ್ಯಪಿನವರಿಗೆ ಗೊತ್ತು. ಗೊತ್ತಿಲ್ಲದಿರುವುದು ಹಣದ ಒಡೆಯನಿಗೆ ಮಾತ್ರ! ನಮ್ಮ ತಕರಾರು ಇರುವುದು ಇಲ್ಲಿ. ನಿರಾಕರಿಸುವ ಅಧಿಕಾರ ಇರುವವರಿಗೆ ಕಾರಣ ಹೇಳುವ ಹೊಣೆಯೂ ಇರಬೇಕು.

ನಿರಾಕರಣೆಗಳನ್ನು ಬ್ಯಾಂಕಿನವರು ಎರಡು ಪಂಗಡವಾಗಿ ವಿಂಗಡಿಸುತ್ತಾರೆ. ಒಂದು ತಾಂತ್ರಿಕ: ಬ್ಯಾಂಕಿನ ಅಥವಾ ನಿಗಮದ ಯಂತ್ರವೇ ಉಸಿರು ಕಟ್ಟಿ ನಿಂತಾಗ ಆಗುವಂಥದು. 2025ರ ಮಾರ್ಚ್ 26ರಂದು ಮತ್ತು ಏಪ್ರಿಲ್ 12ರಂದು ದೇಶದ ಉದ್ದಗಲಕ್ಕೆ ಯುಪಿಐ ಮುಗ್ಗರಿಸಿತ್ತು. ಆ ದಿನ ಬೆಂಗಳೂರಿನ ಸಾಫ್ಟ್‌ವೇರ್ ಎಂಜಿನಿಯರನೂ ಕೇಣಿಯ ಮೀನುಗಾರ ಮಹಿಳೆಯೂ ಒಂದೇ ದೋಣಿಯಲ್ಲಿದ್ದರು. ಇಂಥ ಹೊತ್ತಿನಲ್ಲಿ ಕಾಯುವುದೊಂದೇ ಉಪಾಯ. ಎರಡನೆಯ ಪಂಗಡದಲ್ಲಿ ಮಿತಿ, ಪಿನ್, ಹೆಸರು, ಖಾತೆಯ ಸ್ಥಿತಿ ಇಂಥ ಕಾರಣಗಳು ಬರುತ್ತವೆ. ಇವನ್ನು ಮೊದಲೇ ತಿಳಿದರೆ ಮೊದಲೇ ಸರಿಪಡಿಸಿಕೊಳ್ಳಬಹುದು. ನಮ್ಮ ಕಡೆ ಹೆಚ್ಚಾಗಿ ಕಾಡುವ ಕೆಲವನ್ನು ನೋಡೋಣ.

ಮೊದಲನೆಯದು ಸಿಮ್ ಕಾರ್ಡು. ಬ್ಯಾಂಕಿನಲ್ಲಿ ನೋಂದಾಯಿಸಿದ ಮೊಬೈಲ್ ಸಂಖ್ಯೆ ಇರುವ ಫೋನಿನಿಂದ ಮಾತ್ರ ಯುಪಿಐ ಹೊಂದಿಸಿಕೊಳ್ಳಲು ಸಾಧ್ಯ. ಆ್ಯಪು ಮೊದಲ ದಿನವೇ ಆ ಸಿಮ್ಮಿನಿಂದ ಒಂದು ಎಸ್ಸೆಮ್ಮೆಸ್ ಕಳಿಸಿ ಗುರುತು ಹಿಡಿಯುತ್ತದೆ. ಕಾರವಾರದ ಎಷ್ಟೋ ಮನೆಗಳಲ್ಲಿ ಖಾತೆ ತಂದೆಯ ಹೆಸರಿನಲ್ಲಿ, ಸಿಮ್ಮೂ ತಂದೆಯದೇ. ತಂದೆ ಗೋವೆಯಲ್ಲಿ ಕೆಲಸದಲ್ಲಿರುತ್ತಾನೆ, ಇಲ್ಲವೇ ಬೋಟಿನ ಮೇಲೆ ಸಮುದ್ರದಲ್ಲಿರುತ್ತಾನೆ. ಮಗಳು ಸದಾಶಿವಗಡದಲ್ಲಿ ಕುಳಿತು ಶುಲ್ಕ ಕಟ್ಟಲು ಹೊರಟರೆ ಗುಪ್ತಸಂಖ್ಯೆ ತಂದೆಯ ಫೋನಿಗೆ ಹೋಗುತ್ತದೆ. ಅದು ಅವಳ ಕಿವಿಗೆ ಬೀಳುವಷ್ಟರಲ್ಲಿ ಅವಧಿ ಮುಗಿದಿರುತ್ತದೆ. 2024ರಲ್ಲಿ ಬಂದ ಯುಪಿಐ ಸರ್ಕಲ್ ಎಂಬ ವ್ಯವಸ್ಥೆಯಲ್ಲಿ ತಂದೆಯೋ ತಾಯಿಯೋ ತಮ್ಮ ಖಾತೆಯಿಂದ ಮಿತಿಯೊಳಗೆ ಹಣ ಕಟ್ಟುವ ಅನುಮತಿಯನ್ನು ಮಕ್ಕಳ ಫೋನಿಗೆ ಕೊಡಬಹುದು. ಅದಕ್ಕಿಂತ ಒಳ್ಳೆಯದು, ಮಗುವಿಗೆ ಅದರದ್ದೇ ಖಾತೆ. ಹತ್ತು ವರ್ಷ ದಾಟಿದ ಮಕ್ಕಳು ತಾವೇ ಉಳಿತಾಯ ಖಾತೆ ತೆರೆದು ನಡೆಸಲು 2025ರ ಏಪ್ರಿಲ್‌ನಲ್ಲಿ ರಿಸರ್ವ್ ಬ್ಯಾಂಕ್ ಒಪ್ಪಿಗೆ ನೀಡಿದೆ. ಎಷ್ಟು ಮೊತ್ತದವರೆಗೆ, ಯಾವ ಸೌಲಭ್ಯ ಎಂಬುದು ಆಯಾ ಬ್ಯಾಂಕಿನ ತೀರ್ಮಾನ.

ಎರಡನೆಯದು ಡೆಬಿಟ್ ಕಾರ್ಡು. ಹೊಸ ಕಾರ್ಡು ಎಟಿಎಂನಲ್ಲಿ ಹಣ ಕೊಡುತ್ತದೆ, ಅಂಗಡಿಯಲ್ಲಿ ಉಜ್ಜಿದರೆ ನಡೆಯುತ್ತದೆ, ಆನ್‌ಲೈನ್ ಎಂದ ಕೂಡಲೇ ಮುಷ್ಕರ ಹೂಡುತ್ತದೆ. ಕಾರ್ಡು ಕೆಟ್ಟಿದೆ ಎಂದು ಬ್ಯಾಂಕಿಗೆ ಹಿಂದಿರುಗಿಸಿದವರೂ ಉಂಟು. ಕಾರ್ಡು ಕೆಟ್ಟಿಲ್ಲ. 2020ರ ಜನವರಿಯಲ್ಲಿ ರಿಸರ್ವ್ ಬ್ಯಾಂಕ್ ಹೊರಡಿಸಿ ಅದೇ ಅಕ್ಟೋಬರಿನಿಂದ ಜಾರಿಗೆ ಬಂದ ನಿಯಮದಂತೆ, ಹೊಸ ಕಾರ್ಡುಗಳು ದೇಶದೊಳಗಿನ ಎಟಿಎಂ ಮತ್ತು ಅಂಗಡಿ ಯಂತ್ರಗಳಿಗೆ ಮಾತ್ರ ತೆರೆದಿರುತ್ತವೆ. ಆನ್‌ಲೈನ್ ಬಳಕೆ ಮತ್ತು ವಿದೇಶಿ ಬಳಕೆಯ ಬಾಗಿಲನ್ನು ಗ್ರಾಹಕನೇ ತೆರೆಯಬೇಕು. ಬ್ಯಾಂಕಿನ ಆ್ಯಪಿನಲ್ಲಿ, ಎಟಿಎಂನಲ್ಲಿ ಅಥವಾ ಶಾಖೆಯಲ್ಲಿ ಹೇಳಿದರಾಯಿತು. ಕಳ್ಳರಿಂದ ನಮ್ಮನ್ನು ಕಾಯಲು ಹಾಕಿದ ಚಿಲಕ ಇದು. ಆದರೆ ಚಿಲಕ ಹಾಕಿದೆ ಎಂದು ಮನೆಯವರಿಗೆ ಯಾರೂ ಹೇಳಲಿಲ್ಲ, ಅಷ್ಟೆ.

ಮೂರನೆಯದು ಮಿತಿ. ಯುಪಿಐನಲ್ಲಿ ಹೊಸದಾಗಿ ಹೆಸರು ನೋಂದಾಯಿಸಿದವರಿಗೆ ಸಾಮಾನ್ಯವಾಗಿ ಮೊದಲ 24 ಗಂಟೆ 5,000 ರೂಪಾಯಿಯ ಗಡಿ ಇರುತ್ತದೆ. ಹೊಸ ಫೋನು ಕೊಂಡ ದಿನವೇ ಎಂಜಿನಿಯರಿಂಗ್ ಸೀಟಿನ ಶುಲ್ಕ ಕಟ್ಟಲು ಕೂತವರು ಸಿಕ್ಕಿಬೀಳುವುದು ಈ ಬಲೆಯಲ್ಲೇ. ಶಿಕ್ಷಣ ಸಂಸ್ಥೆಗಳಿಗೆ ಕಟ್ಟುವ ಹಣಕ್ಕೆ 5 ಲಕ್ಷ ರೂಪಾಯಿವರೆಗೆ ಅವಕಾಶ ಕೊಡುವುದಾಗಿ ರಿಸರ್ವ್ ಬ್ಯಾಂಕ್ 2023ರ ಡಿಸೆಂಬರಿನಲ್ಲಿ ಪ್ರಕಟಿಸಿತು. ಆದರೆ ಆ ಕಾಲೇಜಿನ ಖಾತೆ ಶಿಕ್ಷಣ ಸಂಸ್ಥೆಯ ವರ್ಗದಲ್ಲಿ ದಾಖಲಾಗಿರಬೇಕು, ನಿಮ್ಮ ಬ್ಯಾಂಕೂ ಅಷ್ಟಕ್ಕೆ ಒಪ್ಪಬೇಕು. ಆದ್ದರಿಂದ ದೊಡ್ಡ ಮೊತ್ತ ಕಟ್ಟುವ ಮುನ್ನ ನಿಮ್ಮ ಮಿತಿ ಎಷ್ಟೆಂದು ಬ್ಯಾಂಕಿನಲ್ಲಿ ಒಂದು ಮಾತು ಕೇಳಿಡುವುದು ಲೇಸು. ಗಡಿಬಿಡಿಯಲ್ಲಿ ಪಿನ್ ಮೂರು ಸಲ ತಪ್ಪಾಗಿ ಒತ್ತಿದರೆ ಸಾಮಾನ್ಯವಾಗಿ ಒಂದು ದಿನದ ಮಟ್ಟಿಗೆ ಬಾಗಿಲು ಮುಚ್ಚುತ್ತದೆ ಎಂಬುದೂ ನೆನಪಿರಲಿ.

ನಾಲ್ಕನೆಯದು ನಮ್ಮ ಜಿಲ್ಲೆಗೇ ಅಂಟಿಕೊಂಡದ್ದು, ಹೆಸರು. ನಾಯಕ, ನಾಯ್ಕ, ಕನ್ನಡದಲ್ಲಿ ಇವೆರಡೂ ಬೇರೆಯೆಂದು ಮಕ್ಕಳಿಗೂ ಗೊತ್ತು. ಇಂಗ್ಲಿಷ್ ಅಕ್ಷರಕ್ಕೆ ಇಳಿಯುವಾಗ ಒಬ್ಬ ಗುಮಾಸ್ತರು ಒಂದು ಬಗೆಯಲ್ಲಿ ಬರೆದರೆ ಇನ್ನೊಬ್ಬರು ಇನ್ನೊಂದು ಬಗೆ. ಗೌಡ ಎಂಬ ಎರಡಕ್ಷರದ ಹೆಸರಿಗೆ ಒಂದು ಕಡೆ ಯು, ಒಂದು ಕಡೆ ಡಬ್ಲ್ಯು. ಆಧಾರಿನಲ್ಲಿ ತಂದೆಯ ಹೆಸರಿನ ಮೊದಲಕ್ಷರ ಹಿಂದೆ, ಅಂಕಪಟ್ಟಿಯಲ್ಲಿ ಮುಂದೆ. ಪಾಠ ಹೇಳುವ ಮಾಸ್ತರರಿಗೆ ಇದು ಒಬ್ಬಳೇ ಹುಡುಗಿ, ಯಂತ್ರಕ್ಕೆ ಇಬ್ಬರು. ಹತ್ತನೆಯ ತರಗತಿಯ ಪರೀಕ್ಷೆಗೆ ಹೆಸರು ನೋಂದಾಯಿಸುವ ಮುನ್ನವೇ ಆಧಾರ್, ಶಾಲೆಯ ದಾಖಲೆ ಮತ್ತು ಪಾಸ್‌ಬುಕ್ಕನ್ನು ಒಂದರ ಪಕ್ಕ ಒಂದಿಟ್ಟು ಅಕ್ಷರ ಅಕ್ಷರವಾಗಿ ಹೋಲಿಸಿ ನೋಡಿದರೆ ಮುಂದಿನ ಹತ್ತು ವರ್ಷದ ಓಡಾಟ ತಪ್ಪುತ್ತದೆ.

ಐದನೆಯದು ಬ್ಯಾಂಕುಗಳ ವಿಲೀನ. 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕ್ 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ಸೇರಿಹೋಯಿತು. 2021ರ ಜುಲೈ 1ರಿಂದ ಅದರ ಹಳೆಯ ಐಎಫ್‌ಎಸ್‌ಸಿ ಸಂಕೇತಗಳು ಚಲಾವಣೆಯಲ್ಲಿಲ್ಲ. ಧಾರವಾಡದಲ್ಲಿ ಕೇಂದ್ರ ಕಚೇರಿಯಿದ್ದ, ನಮ್ಮ ಜಿಲ್ಲೆಯ ಹಳ್ಳಿಹಳ್ಳಿಗೆ ಪರಿಚಿತವಾಗಿದ್ದ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕ್ 2025ರ ಮೇ 1ರಂದು ರಾಜ್ಯದ ಇನ್ನೊಂದು ಗ್ರಾಮೀಣ ಬ್ಯಾಂಕಿನೊಡನೆ ಒಂದಾಗಿ, ಬಳ್ಳಾರಿಯಲ್ಲಿ ಕೇಂದ್ರ ಕಚೇರಿಯುಳ್ಳ ಒಂದೇ ಬ್ಯಾಂಕಾಯಿತು. ಬ್ಯಾಂಕಿನ ಬೋರ್ಡು ಬದಲಾದದ್ದು ಎಲ್ಲರ ಕಣ್ಣಿಗೂ ಬೀಳುತ್ತದೆ. ಪಾಸ್‌ಬುಕ್ಕಿನ ಒಳಪುಟದಲ್ಲಿ ಹನ್ನೊಂದು ಅಕ್ಷರದ ಆ ಸಂಕೇತ ಹಳೆಯದೇ ಉಳಿದದ್ದು ಕಣ್ಣಿಗೆ ಬೀಳುವುದಿಲ್ಲ. ಹಳೆಯ ಪಾಸ್‌ಬುಕ್ ನೋಡಿ ಅರ್ಜಿ ತುಂಬಿದರೆ ಹಣ ಇಲ್ಲದ ಮನೆಯ ಬಾಗಿಲು ತಟ್ಟಿ ಮರಳುತ್ತದೆ. ವಿಲೀನವಾದ ಬ್ಯಾಂಕಿನಲ್ಲಿ ಖಾತೆಯಿದ್ದವರು ಹೊಸ ಪಾಸ್‌ಬುಕ್ ಕೇಳಿ ಪಡೆಯಬೇಕು.

ಇನ್ನು ಎಲ್ಲಕ್ಕಿಂತ ಎದೆ ಒಡೆಯುವ ಸಂಗತಿ: ಖಾತೆಯಿಂದ ಹಣ ಹೋಗಿದೆ, ಕಾಲೇಜಿಗೆ ಬಂದಿಲ್ಲ. ಕೊನೆಯ ದಿನ ಇವತ್ತೇ. ಗಾಬರಿಯಲ್ಲಿ ಎರಡನೆಯ ಸಲ, ಮೂರನೆಯ ಸಲ ಕಟ್ಟಿ, ಮನೆಯಲ್ಲಿದ್ದ ಹಣವೆಲ್ಲ ಗಾಳಿಯಲ್ಲಿ ತೂಗಾಡಿದ ಪ್ರಸಂಗಗಳಿವೆ. ಇಂಥ ಹಣಕ್ಕೆ ಒಂದು ಕಟ್ಟಳೆ ಇದೆ. ರಿಸರ್ವ್ ಬ್ಯಾಂಕ್ 2019ರ ಸೆಪ್ಟೆಂಬರ್ 20ರಂದು ಹೊರಡಿಸಿದ ಸುತ್ತೋಲೆಯ ಪ್ರಕಾರ, ಯುಪಿಐ ಮೂಲಕ ಒಬ್ಬರಿಂದ ಒಬ್ಬರಿಗೆ ಕಳಿಸಿದ ಹಣ ತಲುಪದಿದ್ದರೆ ವ್ಯವಹಾರದ ಮರುದಿನದೊಳಗೆ ಅದು ತಾನಾಗಿ ಹಿಂದಕ್ಕೆ ಬರಬೇಕು. ಅಂಗಡಿಗೋ ಸಂಸ್ಥೆಗೋ ಕಟ್ಟಿದ ಹಣವಾದರೆ ಐದು ದಿನ. ಕಾರ್ಡಿನ ಮೂಲಕ ಆನ್‌ಲೈನಿನಲ್ಲಿ ಕಟ್ಟಿದ್ದಕ್ಕೂ ಐದು ದಿನ. ಗಡುವು ಮೀರಿದರೆ ದಿನಕ್ಕೆ 100 ರೂಪಾಯಿಯಂತೆ ಗ್ರಾಹಕನಿಗೆ ಪರಿಹಾರ ಸಲ್ಲಬೇಕು, ಅದೂ ಗ್ರಾಹಕ ದೂರು ಕೊಡಲಿ ಬಿಡಲಿ. ಈ ನಿಯಮ ಬಂದು ವರ್ಷಗಳೇ ಕಳೆದರೂ ಇದನ್ನು ಬಲ್ಲವರು ಕಡಿಮೆ. ಕೇಳದವರಿಗೆ ಕೊಡುವ ಔದಾರ್ಯ ಎಲ್ಲ ಕಡೆ ಇರುವುದಿಲ್ಲವಾದ್ದರಿಂದ ಬಲ್ಲವರಾಗುವುದು ಒಳ್ಳೆಯದು.

ಆದ್ದರಿಂದ ಹಣ ಕಡಿತವಾಗಿ ರಸೀದಿ ಬರದಿದ್ದರೆ ಮೊದಲು ಕೈ ತಡೆಯಿರಿ. ಆ್ಯಪಿನಲ್ಲಿ ಆ ವ್ಯವಹಾರದ ಹನ್ನೆರಡು ಅಂಕಿಯ ಉಲ್ಲೇಖ ಸಂಖ್ಯೆ ಇರುತ್ತದೆ. ಅದನ್ನು ತಾರೀಖು, ವೇಳೆ, ಮೊತ್ತದ ಸಹಿತ ಒಂದು ಕಾಗದದಲ್ಲಿ ಬರೆದುಕೊಳ್ಳಿ. ಪರದೆಯ ಚಿತ್ರ ತೆಗೆದಿಡಿ. ಅದೇ ದಿನ ಕಾಲೇಜಿನ ಕಚೇರಿಗೆ ಹೋಗಿ, ಹಣ ಕಟ್ಟಲು ಯತ್ನಿಸಿದ್ದೇನೆ, ವಿವರ ಇದು ಎಂದು ಬರಹದಲ್ಲಿ ಕೊಟ್ಟು ಸಹಿ ಪಡೆಯಿರಿ. ಕೊನೆಯ ದಿನ ಮೀರಿಹೋದರೆ ನಿಮ್ಮ ಪರವಾಗಿ ಮಾತನಾಡುವುದು ಆ ಒಂದು ಹಾಳೆ. ಆ್ಯಪಿನಲ್ಲಿಯೂ ಬ್ಯಾಂಕಿನಲ್ಲಿಯೂ ದೂರು ದಾಖಲಿಸಿ ದೂರಿನ ಸಂಖ್ಯೆ ಇಟ್ಟುಕೊಳ್ಳಿ. ಬ್ಯಾಂಕು 30 ದಿನದಲ್ಲಿ ಉತ್ತರಿಸದಿದ್ದರೆ, ಅಥವಾ ಉತ್ತರ ಸಮಾಧಾನ ತರದಿದ್ದರೆ, ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ಬಳಿಗೆ ಹೋಗಬಹುದು. ಅದಕ್ಕೆ ಶುಲ್ಕವಿಲ್ಲ, ವಕೀಲರು ಬೇಕಿಲ್ಲ. ಮಾಹಿತಿಗೆ 14448 ಎಂಬ ಸಂಖ್ಯೆ ಇದೆ.

ಕಟ್ಟುವ ಹಣದ ಕತೆ ಇದಾದರೆ ಬರುವ ಹಣದ ಕತೆ ಇನ್ನೊಂದು. ವಿದ್ಯಾರ್ಥಿವೇತನ ಮಂಜೂರಾಗಿದೆ, ಖಾತೆಗೆ ಬಂದಿಲ್ಲ. ಬ್ಯಾಂಕಿಗೆ ಹೋಗಿ ಕೇಳಿದರೆ 'ನಿಮ್ಮ ಆಧಾರ್ ಲಿಂಕ್ ಆಗಿದೆಯಲ್ಲ' ಎನ್ನುತ್ತಾರೆ. ವಿದ್ಯಾರ್ಥಿವೇತನದ ಪೋರ್ಟಲ್ ನೋಡಿದರೆ ಆಧಾರ್ ಜೋಡಣೆ ಆಗಿಲ್ಲ ಎನ್ನುತ್ತದೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಗುರುತಿನ ಚೀಟಿಯಾಗಿ ಆಧಾರ್ ಸಂಖ್ಯೆಯನ್ನು ಖಾತೆಗೆ ಸೇರಿಸುವುದು ಒಂದು ಕೆಲಸ. ಸರ್ಕಾರದ ಹಣ ಈ ಆಧಾರಿನವರಿಗೆ ಈ ಬ್ಯಾಂಕಿಗೇ ಬರಲಿ ಎಂದು ಎನ್‌ಪಿಸಿಐನ ಪಟ್ಟಿಯಲ್ಲಿ ಬರೆಸುವುದು ಬೇರೆಯೇ ಕೆಲಸ. ಎರಡನೆಯದಕ್ಕೆ ಖಾತೆದಾರರು ಪ್ರತ್ಯೇಕ ಒಪ್ಪಿಗೆ ಪತ್ರ ಕೊಡಬೇಕು. ಎರಡು ಮೂರು ಬ್ಯಾಂಕಿನಲ್ಲಿ ಖಾತೆ ಇದ್ದರೆ ಕೊನೆಯದಾಗಿ ಯಾವುದನ್ನು ಆ ಪಟ್ಟಿಯಲ್ಲಿ ಬರೆಸಿದ್ದೀರೋ ಅಲ್ಲಿಗೆ ಹಣ ಹೋಗುತ್ತದೆ. ಬಂದಿಲ್ಲ ಎಂದು ಅತ್ತ ಹಣ ಎಷ್ಟೋ ಸಲ ಮರೆತುಹೋದ ಇನ್ನೊಂದು ಖಾತೆಯಲ್ಲಿ ತಣ್ಣಗೆ ಕೂತಿರುತ್ತದೆ. ಯಾವ ಬ್ಯಾಂಕು ಜೋಡಣೆಯಾಗಿದೆ ಎಂಬುದನ್ನು ಆಧಾರ್ ಪ್ರಾಧಿಕಾರದ ಜಾಲತಾಣದಲ್ಲಿಯೇ ನೋಡಬಹುದು. ಬ್ಯಾಂಕು ದೂರವಿರುವ ಹಳ್ಳಿಗಳಿಗೆ 2018ರ ಸೆಪ್ಟೆಂಬರ್ 1ರಂದು ಆರಂಭವಾದ ಇಂಡಿಯಾ ಪೋಸ್ಟ್ ಪೇಮೆಂಟ್ಸ್ ಬ್ಯಾಂಕ್ ಒಂದು ಆಸರೆ. ಮನಿಯಾರ್ಡರ್ ತರುತ್ತಿದ್ದ ಅಂಚೆಯವರೇ ಈಗ ಬೆರಳಚ್ಚಿನ ಯಂತ್ರ ಹಿಡಿದು ಮನೆಬಾಗಿಲಿಗೆ ಬಂದು ಖಾತೆ ತೆರೆಯುತ್ತಾರೆ.

ಕಾಲೇಜು ಹುಡುಗರಲ್ಲಿ ಕೆಲವರು ಮನೆಯಲ್ಲೇ ಕೂತು ಪರದೇಶದವರಿಗೆ ಚಿತ್ರ ಬಿಡಿಸಿಕೊಟ್ಟೋ ಪ್ರೋಗ್ರಾಂ ಬರೆದುಕೊಟ್ಟೋ ನಾಲ್ಕು ಕಾಸು ಗಳಿಸಲು ನೋಡುತ್ತಾರೆ. ಅವರಿಗೆ ಎದುರಾಗುವ ನಿರಾಕರಣೆ ಇನ್ನೂ ಕಠಿಣ. ಪೇಪಾಲ್ ಎಂಬ ಅಮೆರಿಕದ ಸಂಸ್ಥೆಯ ಕತೆ ಇದಕ್ಕೆ ಒಳ್ಳೆಯ ಪಾಠ. 2010ರ ಫೆಬ್ರವರಿಯಲ್ಲಿ ಅದು ಭಾರತಕ್ಕೆ ಬರುವ, ಭಾರತದಿಂದ ಹೋಗುವ ವೈಯಕ್ತಿಕ ಪಾವತಿಗಳನ್ನು ಇದ್ದಕ್ಕಿದ್ದಂತೆ ನಿಲ್ಲಿಸಿತು. ಆಗಲೇ ಗಳಿಸಿದ್ದ ಹಣವನ್ನು ಬ್ಯಾಂಕಿಗೆ ಇಳಿಸಿಕೊಳ್ಳುವುದೂ ಕೆಲದಿನ ನಿಂತಿತ್ತು. 2011ರ ಮಾರ್ಚ್ 1ರಿಂದ, ಬಂದ ಹಣವನ್ನು ಅಲ್ಲೇ ಇಟ್ಟುಕೊಂಡು ಖರ್ಚು ಮಾಡುವಂತಿಲ್ಲ, ಏಳು ದಿನದೊಳಗೆ ಬ್ಯಾಂಕಿಗೆ ತರಬೇಕು ಎಂಬ ನಿಯಮ ಬಂತು. 2021ರ ಏಪ್ರಿಲ್ 1ರಿಂದ ದೇಶದೊಳಗಿನ ಪಾವತಿಯ ವ್ಯವಹಾರವನ್ನೇ ಅದು ಕೈಬಿಟ್ಟಿತು. ಅಂದು ಸಾವಿರಾರು ಮೈಲಿ ದೂರದ ಒಂದು ಇ-ಮೇಲಿನಿಂದ ನಿಂತುಹೋದ ಗಳಿಕೆಯ ಹಿಂದೆ ಇದ್ದದ್ದು ಹುಡುಗರ ತಪ್ಪಲ್ಲ, ವಿದೇಶಿ ಹಣದ ಮೇಲಿನ ನಮ್ಮ ದೇಶದ ಕಾನೂನು ಮತ್ತು ಆ ಕಂಪನಿಯ ನಡುವಿನ ಸಂಗತಿ. ಇಂಥ ಸಂಸ್ಥೆಗಳಲ್ಲಿ ಖಾತೆ ತೆರೆಯಲು 18 ವರ್ಷ ತುಂಬಿರಬೇಕು, ಪ್ಯಾನ್ ಇರಬೇಕು, ಪ್ಯಾನಿನ ಹೆಸರು ಬ್ಯಾಂಕಿನ ಹೆಸರಿಗೆ ಹೊಂದಬೇಕು. ವಯಸ್ಸು ಹೆಚ್ಚು ಹೇಳಿ ಒಳಗೆ ನುಗ್ಗಿದವರ ಹಣ ಒಳಗೇ ಸಿಕ್ಕಿಬೀಳುತ್ತದೆ. ಗಳಿಕೆಯ ಮೊದಲ ಪಾಠ ತಾಳ್ಮೆ.

ನಿರಾಕರಣೆಯ ಸಂಕಟದಲ್ಲಿರುವವರನ್ನೇ ಕಾದು ಕೂತ ಕಳ್ಳರೂ ಇದ್ದಾರೆ. 'ಹಣ ವಾಪಸು ಮಾಡುತ್ತೇವೆ, ಈ ಆ್ಯಪು ಹಾಕಿಕೊಳ್ಳಿ, ಪಿನ್ ಒತ್ತಿ' ಎನ್ನುತ್ತಾರೆ. ಇಂಟರ್ನೆಟ್ಟಿನಲ್ಲಿ ಹುಡುಕಿದಾಗ ಮೊದಲು ಸಿಗುವ ಗ್ರಾಹಕ ಸೇವೆಯ ಸಂಖ್ಯೆ ಎಷ್ಟೋ ಸಲ ಇವರದ್ದೇ. ಒಂದು ಸೂತ್ರ ನೆನಪಿಟ್ಟರೆ ಸಾಕು: ಹಣ ಪಡೆಯಲು ಪಿನ್ ಬೇಕಾಗಿಲ್ಲ, ಕೊಡಲು ಮಾತ್ರ ಬೇಕು. ಸಂಖ್ಯೆಯನ್ನು ಪಾಸ್‌ಬುಕ್ಕಿನಿಂದಲೋ ಕಾರ್ಡಿನ ಹಿಂಬದಿಯಿಂದಲೋ ತೆಗೆದುಕೊಳ್ಳಿ. ಮೋಸ ಹೋದಿರಿ ಎಂದು ತಿಳಿದ ಗಳಿಗೆಯೇ 1930ಕ್ಕೆ ಕರೆ ಮಾಡಿ.

ಇಷ್ಟೆಲ್ಲ ಹೇಳಿದ್ದು ಮಕ್ಕಳಿಗೂ ಹೆತ್ತವರಿಗೂ. ಇನ್ನು ಮೇಜಿನ ಆ ಬದಿಯಲ್ಲಿ ಕೂತವರಿಗೂ ಒಂದೆರಡು ಮಾತು ಸಲ್ಲಬೇಕು. ಕೊನೆಯ ದಿನವನ್ನು ಗೊತ್ತುಮಾಡುವವರು ಬೆಂಗಳೂರಿನಲ್ಲೋ ಧಾರವಾಡದಲ್ಲೋ ಬೆಳಗಾವಿಯಲ್ಲೋ ಇರುತ್ತಾರೆ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಜೀವಗಳನ್ನು ನುಂಗಿತು, ರಾಷ್ಟ್ರೀಯ ಹೆದ್ದಾರಿ ದಿನಗಟ್ಟಲೆ ಮುಚ್ಚಿತು. ಮೂರು ವಾರ ಕಳೆಯುತ್ತಲೇ, ಆಗಸ್ಟ್ 7ರ ನಡುರಾತ್ರಿ, ಕಾರವಾರದ ಕಾಳಿ ನದಿಯ ಹಳೆಯ ಸೇತುವೆ ಕುಸಿದು ಬಿತ್ತು. ಆ ದಿನಗಳಲ್ಲಿ ವಿದ್ಯುತ್ತು, ಸಿಗ್ನಲ್ಲು, ಬಸ್ಸು ಯಾವುದೂ ನಂಬುವಂತಿರಲಿಲ್ಲ. ಅದು ಪ್ರವೇಶದ, ಶುಲ್ಕದ ಋತುವೂ ಹೌದು. ಮಳೆಗಾಲದಲ್ಲಿ ಅಚವೆ, ಹಿಲ್ಲೂರಿನ ಕಡೆಯ ಹುಡುಗ ಸಿಗ್ನಲ್ ಹುಡುಕಿ ಗುಡ್ಡ ಹತ್ತಬೇಕಾಗುತ್ತದೆ ಎಂಬುದು ಪೋರ್ಟಲಿನ ಗಡಿಯಾರಕ್ಕೆ ತಿಳಿಯುವುದಿಲ್ಲ. ರಾತ್ರಿ ಹನ್ನೆರಡಾದರೆ ಅದು ಬಾಗಿಲು ಹಾಕುತ್ತದೆ. ಬಾಗಿಲ ಆಚೆ ಉಳಿದವನು ಸೋಮಾರಿಯೋ, ಸಿಗ್ನಲ್ ಇಲ್ಲದವನೋ ಎಂದು ಕೇಳುವುದಿಲ್ಲ. ಕೇಳಬೇಕಾದವರು ಮನುಷ್ಯರು.

ಇದೇ ಅಂಕೋಲೆಯ ದಿನಕರ ದೇಸಾಯಿಯವರು 1953ರಲ್ಲಿ ಕೆನರಾ ವೆಲ್ಫೇರ್ ಟ್ರಸ್ಟ್ ಸ್ಥಾಪಿಸಿ ಜಿಲ್ಲೆಯ ಹಿಂದುಳಿದ ಮೂಲೆಗಳಲ್ಲಿ ಶಾಲೆಗಳನ್ನು ತೆರೆದರು. 1966ರಲ್ಲಿ, ಗೋಪಾಲಕೃಷ್ಣ ಗೋಖಲೆಯವರ ಜನ್ಮಶತಮಾನದ ನೆನಪಿಗೆ ಅಂಕೋಲೆಗೆ ಕಾಲೇಜು ಬಂತು. ಅಂದು ಮಕ್ಕಳಿಗೂ ಕಲಿಕೆಗೂ ನಡುವೆ ಇದ್ದದ್ದು ಹೊಳೆ, ಕಾಡು, ಬಡತನ. ಅವನ್ನೆಲ್ಲ ದಾಟಿಸಿದ ಜಿಲ್ಲೆಯಲ್ಲಿ ಇಂದು ಒಂದು ಮಗು ಕೇವಲ ಒಂದು ಸಂಕೇತಾಕ್ಷರದ ದೆಸೆಯಿಂದ ಸೀಟು ಕಳೆದುಕೊಂಡರೆ ಅದು ಆ ಮಗುವಿನ ಸೋಲಲ್ಲ. ಪ್ರತಿ ಕಾಲೇಜಿನಲ್ಲೂ ಶುಲ್ಕದ ದಿನಗಳಲ್ಲಿ ಒಂದು ಕಿಟಕಿ ತೆರೆದಿರಲಿ. ಅಲ್ಲಿ ನಗದೋ ಡಿ.ಡಿ.ಯೋ ಸ್ವೀಕರಿಸಲಿ. ಅದಾಗದಿದ್ದರೆ, ಪಾವತಿಗೆ ಯತ್ನಿಸಿ ವಿಫಲನಾದವನ ಅರ್ಜಿಯನ್ನಾದರೂ ಪಡೆದು ಮೊಹರು ಒತ್ತಿ ಕೊಡಲಿ. ಹಣ ಕಡಿತವಾದ ಸಾಕ್ಷಿ ಇದ್ದವರಿಗೆ, ಹಣ ಮರಳುವ ಐದು ದಿನದ ಗಡುವಿನಷ್ಟಾದರೂ ಕಾಲಾವಕಾಶ ಸಿಗಲಿ. ಬ್ಯಾಂಕಿಗೆ ಐದು ದಿನ ಸಲ್ಲುವುದಾದರೆ ಬಾಲಕನಿಗೇಕೆ ಸಲ್ಲಬಾರದು?

ಹೆತ್ತವರಲ್ಲಿ ಒಂದು ವಿನಂತಿ. ಪರದೆ ಕೆಂಪಾದಾಗ ಮಗುವಿನ ಮೇಲೆ ಕಣ್ಣು ಕೆಂಪು ಮಾಡಬೇಡಿ. ಬದಲಿಗೆ ಪಕ್ಕದಲ್ಲಿ ಕೂರಿಸಿಕೊಂಡು ಬ್ಯಾಂಕಿನ ವ್ಯವಸ್ಥಾಪಕರಿಗೆ ಒಂದು ಪತ್ರ ಬರೆಸಿ: ಇಂಥ ದಿನ, ಇಷ್ಟು ಗಂಟೆಗೆ, ಇಷ್ಟು ಹಣ, ಈ ಸಂಖ್ಯೆಯ ವ್ಯವಹಾರ ವಿಫಲವಾಯಿತು, ಕಾರಣವನ್ನು ದಯವಿಟ್ಟು ಬರಹದಲ್ಲಿ ತಿಳಿಸಬೇಕು. ಕನ್ನಡದಲ್ಲೇ ಬರೆಯಲಿ. ನಾಲ್ಕು ಸಾಲಿನ ಈ ಪತ್ರ ಬರೆಯಲು ಕಲಿತ ಹುಡುಗಿ ಮುಂದೆ ಆಸ್ಪತ್ರೆಯ ಬಿಲ್ಲಿನ ಮುಂದೆ, ಕಚೇರಿಯ ಮೇಜಿನ ಮುಂದೆ, ತಿರಸ್ಕೃತವಾದ ಯಾವ ಅರ್ಜಿಯ ಮುಂದೆಯೂ ತಲೆ ತಗ್ಗಿಸಿ ನಿಲ್ಲುವುದಿಲ್ಲ. ಏಕೆ ಎಂದು ಕೇಳುತ್ತಾಳೆ. ಆ ವರ್ಷದ ಶುಲ್ಕದಲ್ಲಿ ಅವಳು ಕಲಿತ ಪಾಠಗಳಲ್ಲಿ ಇದೂ ಒಂದಾಗಲಿ.